ಮನೆಯೇ ಕಚೇರಿಯಾದರೆ

ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರು ದೂರ. ಆದರೂ ಅಲ್ಲಿಯ ಕಂಪನಿಗಳ ಕೆಲಸವನ್ನು ನಮ್ಮ ಕೆಲವು ತರುಣರು ಇಂದು ಟಿಳಕವಾಡಿಯ ಮಾಳಿಗೆಯಲ್ಲಿಯೋ ಖಾನಾಪುರದ ಹಿರಿಯರ ಮನೆಯ ಪಡಸಾಲೆಯಲ್ಲಿಯೋ ಕುಳಿತು ಮಾಡುತ್ತಿರುವರು. 2020ರ ಮಾರ್ಚಿನಲ್ಲಿ ಕೋವಿಡ್ ಮಹಾಮಾರಿಯ ನಿಮಿತ್ತ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ನಿರುಪಾಯದಿಂದ ಬಂದ ಈ ಪದ್ಧತಿಯು ರೋಗವು ಇಳಿದ ಮೇಲೂ ಪೂರ್ಣವಾಗಿ ಹೋಗಲಿಲ್ಲ. ಇದರಿಂದ ಸಮಾಜಕ್ಕಾಗುವ ಲಾಭಹಾನಿಗಳನ್ನು ನಾವು ವಿಚಾರಿಸಲೇಬೇಕಾಗಿದೆ.

ಲಾಭವು ಸಣ್ಣದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಬೆಳಗಾವಿಯಲ್ಲಿಯೇ ಸ್ಥಾಪಿತವಾಯಿತು. ಆದರೂ ವಿದ್ಯೆ ಇಲ್ಲಿ, ಅನ್ನ ಪರಸ್ಥಳದಲ್ಲಿ ಎಂಬುದೇ ನಮ್ಮ ಅನೇಕ ಪದವೀಧರರ ಪಾಡಾಗಿದೆ. ಮನೆಯಿಂದಲೇ ದುಡಿಯುವಂತಾದರೆ ವೃದ್ಧ ತಾಯಿತಂದೆಗಳಿಗೆ ಆಸರೆಯಾಗುವುದು. ಗಳಿಸಿದ ಹಣವು ಇಲ್ಲಿಯ ಪೇಟೆಯಲ್ಲಿಯೇ ಓಡಾಡುವುದು. ಆದರೆ ವಾರಕ್ಕೆ ಮೂರು ದಿನ ಕಚೇರಿಗೆ ಬರತಕ್ಕದ್ದೆಂದು ಕಂಪನಿಯು ಅಪ್ಪಣೆ ಮಾಡಿದೊಡನೆ ಈ ಲಾಭವೆಲ್ಲ ಮುಗಿಯಿತು. ಮಹಾನಗರದವನಿಗೆ ಅದು ರಿಯಾಯಿತಿ. ಬೆಳಗಾವಿಯವನಿಗೆ ಊರು ಬಿಡುವ ನೋಟೀಸು.

ಇನ್ನು ಹಾನಿಯ ಮಾತು. ಮನೆಯಲ್ಲಿಯ ದುಡಿಮೆ ನಮ್ಮ ಊರಿಗೆ ಹೊಸದೇನಲ್ಲ. ಶಹಾಪುರ, ವಡಗಾವಿ, ಖಾಸಬಾಗಗಳಲ್ಲಿ ಕೂಲಿಗೆ ನೇಯುವವರ ಮನೆಗಳನ್ನು ನೋಡಿರಿ. ಮಗ್ಗವೂ ಒಲೆಯೂ ಒಂದೇ ಸೂರಿನ ಕೆಳಗಿರುವವು. ನೂಲು ಸಾವಕಾರನದು, ಸೀರೆಯೂ ಸಾವಕಾರನದು. ಜಾಗ, ದೀಪ, ದುರಸ್ತಿಗಳ ಚಿಂತೆ ಮಾತ್ರ ನೇಕಾರನದು. ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಶ್ರಮವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಏರುವುದಿಲ್ಲ. ಕಂಪ್ಯೂಟರು ಮಗ್ಗದಂತೆ ಸದ್ದು ಮಾಡದು. ಆದರೆ ವ್ಯವಹಾರದ ರೀತಿ ಅದೇ. ಕಚೇರಿಯ ಬಾಡಿಗೆ ಉಳಿದದ್ದು ಧಣಿಗೆ; ಕೋಣೆ, ಕುರ್ಚಿ, ವಿದ್ಯುತ್ತುಗಳ ಖರ್ಚು ನೌಕರನಿಗೆ. ರಾತ್ರಿ ಹತ್ತಕ್ಕೆ ಕರೆ ಬಂದರೂ ಓಗೊಡಬೇಕು. ಉದ್ಯೋಗಸ್ಥ ಸ್ತ್ರೀಯಾದರೋ, ಮನೆಯಲ್ಲಿಯೇ ಇರುವಳೆಂಬ ಕಾರಣದಿಂದ ಅಡಿಗೆ, ಮಕ್ಕಳು, ಅತಿಥಿಗಳ ಸೇವೆಯನ್ನೂ ಏಕಕಾಲಕ್ಕೆ ಹೊರಬೇಕು. ಹೊಸದಾಗಿ ಸೇರಿದ ತರುಣನು ಅನುಭವಿಗಳ ಬಳಿ ಕುಳಿತು ಕಲಿಯುವ ಅವಕಾಶವನ್ನೂ, ಜೊತೆಗಾರರೊಡನೆ ಕಷ್ಟ ಹೇಳಿಕೊಳ್ಳುವ ಬಲವನ್ನೂ ಕಳೆದುಕೊಳ್ಳುವನು.

ಗೃಹದುಡಿಮೆಗಾರರಿಗೂ ಇತರ ಕಾರ್ಮಿಕರಂತೆಯೇ ರಕ್ಷಣೆ ದೊರೆಯಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1996ರಲ್ಲಿಯೇ ಒಪ್ಪಂದವನ್ನು ಅಂಗೀಕರಿಸಿತು. ಭಾರತವು ಅದಕ್ಕೆ ಇನ್ನೂ ಸಮ್ಮತಿಯಿತ್ತಿಲ್ಲ. ಕೆಲಸದ ವೇಳೆ ಮುಗಿದ ಮೇಲೆ ಕರೆಗೆ ಉತ್ತರಿಸದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ ಕಾನೂನಿನಲ್ಲಿದೆ. ನಮ್ಮಲ್ಲಿ ಅದೇ ವರ್ಷ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು, ರಜೆಯ ನಂತರ ತಾಯಿಯು ಮನೆಯಿಂದ ಕೆಲಸ ಮಾಡಲು ಅವಕಾಶವಿತ್ತಿತು. ಆದರೆ ಅದು ಧಣಿಯ ಒಪ್ಪಿಗೆಯಿದ್ದರೆ ಮಾತ್ರ.

ಖಾನಾಪುರ ತಾಲೂಕಿನ ಸ್ಥಿತಿಯು ಬೇರೆಯೇ ಆಗಿದೆ. ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳಲ್ಲಿ ಮೊಬೈಲು ಸಂಪರ್ಕವೇ ದುರ್ಲಭ. ಮಳೆಗಾಲದಲ್ಲಿ ದಾರಿಯೂ ದೀಪವೂ ನಂಬಿಕೆಯವಲ್ಲ. ಅಲ್ಲಿಯ ಜಾಣ ಹುಡುಗನಿಗೆ ಮನೆಯಿಂದ ದುಡಿಯುವ ಮಾತು ಕೇವಲ ಕಥೆ. ಹೀಗೆ ತಂತಿ ತಲುಪಿದ ಊರು, ತಲುಪದ ಊರು ಎಂಬ ಹೊಸ ಭೇದವೊಂದು ಹುಟ್ಟುತ್ತಿದೆ.

ಆದುದರಿಂದ ಅಧಿಕಾರಿವರ್ಗಕ್ಕೂ ಮಹಾಜನರಿಗೂ ನಮ್ಮ ಸೂಚನೆಯಿಷ್ಟು: ಖಾನಾಪುರದಂಥ ತಾಲೂಕು ಸ್ಥಳಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅಖಂಡ ವಿದ್ಯುತ್ತೂ ಇಂಟರ್‌ನೆಟ್ಟೂ ಇರುವ ಒಂದು ಕೆಲಸದ ಕೋಣೆಯಾಗಲಿ. ಅಲ್ಲಿ ನಾಲ್ಕು ಜನ ಕೂಡುವರು, ಒಬ್ಬರಿಂದೊಬ್ಬರು ಕಲಿಯುವರು, ಮನೆಯು ಮನೆಯಾಗಿ ಉಳಿಯುವುದು. ದುಡಿಮೆಯ ವೇಳೆಗೆ ಕಾನೂನು ಮಿತಿ ಹಾಕಲಿ. ಕಾನೂನು ಬರುವ ಮುನ್ನ ಗೃಹಸ್ಥರು ಒಂದನ್ನಾದರೂ ಮಾಡಬಹುದು: ಮನೆಯಿಂದ ದುಡಿಯುವ ಮಗಳು ಸೊಸೆಯಂದಿರು ಕೆಲಸಕ್ಕೆ ಕುಳಿತಾಗ, ಅವರು ಕಚೇರಿಯಲ್ಲಿರುವರೆಂದೇ ತಿಳಿದು ಒಲೆಯ ಭಾರವನ್ನು ಹಂಚಿಕೊಳ್ಳುವುದು. ಇದಕ್ಕೆ ಯಾವ ಸರಕಾರದ ಮಂಜೂರಾತಿಯೂ ಬೇಕಿಲ್ಲ.