ಮೌನ ಎಲ್ಲ ಸಲ ಬಂಗಾರವಲ್ಲ

ಚಾಂಪಿಯನ್ ರೀಫ್ಸ್‌ನಲ್ಲಿ ದಿನ ಆರಂಭವಾಗುವುದು ರೈಲಿನ ಸದ್ದಿನಿಂದ. ಮಾರಿಕುಪ್ಪಂನಿಂದ ಹೊರಟು, ಚಾಂಪಿಯನ್, ಊರ್ಗಾಂ ನಿಲ್ದಾಣಗಳನ್ನು ದಾಟಿ, ಬಂಗಾರಪೇಟೆಯ ಮೂಲಕ ಬೆಂಗಳೂರು ಸೇರುವ ರೈಲುಗಳಲ್ಲಿ ಕೆ.ಜಿ.ಎಫ್.ನ ಸಾವಿರಾರು ಮಂದಿ ನಸುಕಿನಲ್ಲೇ ದುಡಿಮೆಗೆ ಹೊರಡುತ್ತಾರೆ. ಅವರಲ್ಲಿ ಅಪ್ಪಂದಿರಷ್ಟೇ ಅಲ್ಲ, ಅಮ್ಮಂದಿರೂ ಇದ್ದಾರೆ. ಅವರು ಹೋದ ಮೇಲೆ ತಮ್ಮ, ತಂಗಿಯರನ್ನು ಎಬ್ಬಿಸಿ, ನೀರು ಹಿಡಿದಿಟ್ಟು, ಡಬ್ಬಿ ಕಟ್ಟಿ, ತಾನೂ ಜಡೆ ಹಾಕಿಕೊಂಡು ಶಾಲೆಗೆ ಓಡುವವಳು ಯಾರು? ಅನೇಕ ಮನೆಗಳಲ್ಲಿ ಹಿರಿಯ ಮಗಳು.

ಹಿಂದೆ ಹೀಗಿರಲಿಲ್ಲ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಇಲ್ಲಿನ ಗಣಿ ಅಪಾಯದ್ದಾದರೂ ಕೆಲಸ ಮನೆಯ ಹತ್ತಿರದಲ್ಲೇ ಇತ್ತು. ಪಾಳಿ ಮುಗಿದರೆ ಅಪ್ಪ ಮನೆಗೆ ಬರುತ್ತಿದ್ದ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು ಮುಚ್ಚಿದ ಮೇಲೆ ದುಡಿಮೆ ದೂರವಾಯಿತು. ಅದರ ಜೊತೆಗೆ ಮಕ್ಕಳ ಮಾತು ಕೇಳುವ ಸಮಯವೂ ಕಡಿಮೆಯಾಯಿತು.

ಒಳ್ಳೆಯ ಹುಡುಗಿಯ ಕಷ್ಟ

"ನಮ್ಮ ಹುಡುಗಿ ಬಂಗಾರದಂಥವಳು, ಏನೂ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ" ಎಂದು ಹೆಮ್ಮೆ ಪಡುವ ತಾಯ್ತಂದೆಯರು ಎಲ್ಲ ಊರಲ್ಲೂ ಇದ್ದಾರೆ. ಶಾಲೆಯಲ್ಲೂ ಅಷ್ಟೇ. ಗಲಾಟೆ ಮಾಡುವ ಹುಡುಗನ ಕಡೆ ಎಲ್ಲರ ಗಮನ. ಮೂಲೆಯ ಬೆಂಚಿನಲ್ಲಿ ಸುಮ್ಮನೆ ಕೂತವಳು ಕಣ್ಣಿಗೆ ಬೀಳುವುದಿಲ್ಲ. 'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಗಾದೆ ಅತಿಯಾಗಿ ಮಾತಾಡುವವರಿಗೆ ಹೇಳಿದ್ದು. ಹೆದರಿಕೆಯನ್ನು ಒಳಗೇ ನುಂಗಿಕೊಳ್ಳುವ ಹುಡುಗಿಗೆ ಅದು ಸಲ್ಲದು.

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ 40 ಮಕ್ಕಳ ತರಗತಿಯಲ್ಲಿ ಸುಮಾರು ಮೂವರು!

ದೇಹ ಆಡುವ ಮಾತು

ಗಣಿಯ ಆಳದಲ್ಲಿ ಬಂಡೆ ಸಿಡಿಯುವ ಭಯ ಇಲ್ಲಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ನೆಲದ ಸಣ್ಣಪುಟ್ಟ ಕಂಪನಗಳನ್ನೂ ಉಪಕರಣಗಳಿಂದ ದಾಖಲಿಸುತ್ತಿದ್ದರು. ಮಕ್ಕಳ ಮನಸ್ಸೂ ಸೂಚನೆ ಕೊಡುತ್ತದೆ. ಪದೇ ಪದೇ ಹೊಟ್ಟೆನೋವು, ತಲೆನೋವು. ಊಟ ಬೇಡ, ನಿದ್ದೆ ಇಲ್ಲ. ಪ್ರಾಣಸ್ನೇಹಿತೆಯ ಜೊತೆಗೂ ಮಾತಿಲ್ಲ. ತಮ್ಮನ ಮೇಲೆ ಸುಮ್ಮಸುಮ್ಮನೆ ರೇಗಾಟ. ದಿನವೂ ಹೋಗುತ್ತಿದ್ದ ದಾರಿಯಲ್ಲಿ ಹೋಗಲು ಒಲ್ಲೆ ಎನ್ನುವುದು. ಒಂದೆರಡು ದಿನ ಹೀಗಿದ್ದರೆ ಗಾಬರಿ ಬೇಡ. ಎರಡು ವಾರವಾದರೂ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. "ಶಾಲೆ ತಪ್ಪಿಸಲು ನಾಟಕ" ಎನ್ನಬೇಡಿ. ಕಾರಣ ಮನಸ್ಸಿನಲ್ಲಿದ್ದರೂ ಆ ಹೊಟ್ಟೆನೋವು ನಿಜವಾದ ನೋವೇ.

ಹೇಳಿದರೆ ಶಿಕ್ಷೆ ಯಾರಿಗೆ?

ಹುಡುಗಿಯರು ಏಕೆ ಹೇಳಿಕೊಳ್ಳುವುದಿಲ್ಲ? ಹೇಳಿದರೆ ಶಿಕ್ಷೆ ತನಗೇ ಎಂಬುದು ಅವಳಿಗೆ ಗೊತ್ತು. ದಾರಿಯಲ್ಲಿ ಯಾರೋ ಕೀಟಲೆ ಮಾಡಿದರು ಎಂದರೆ "ನಾಳೆಯಿಂದ ಶಾಲೆಗೆ ಹೋಗಬೇಡ." ಮೊಬೈಲಿಗೆ ಕೆಟ್ಟ ಸಂದೇಶ ಬಂತು ಎಂದರೆ "ನೀನೇನು ಮಾಡಿದ್ದೆ?" ಓದು ಕಷ್ಟ ಎಂದರೆ "ಗಂಡು ನೋಡುತ್ತೇವೆ." 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧ, ಬೆದರಿಕೆಗೂ ಆ ಮಾತು ಬೇಡ. ತಪ್ಪು ಮಾಡಿದವನು ಬೇರೆ, ಶಾಲೆ ಬಿಡುವವಳು ಇವಳು ಎಂದಾದರೆ ಯಾವ ಹುಡುಗಿ ಬಾಯಿ ಬಿಟ್ಟಾಳು? ಆದ್ದರಿಂದ ತಾಯ್ತಂದೆಯರು ಮೊದಲೇ ಕೊಡಬೇಕಾದ ಮಾತು ಒಂದಿದೆ: "ಏನೇ ಆದರೂ ನಿನ್ನ ಓದು ನಿಲ್ಲಿಸುವುದಿಲ್ಲ."

ರಾತ್ರಿ ರೈಲಿಳಿದು ಬಂದವರಿಗೆ ಬಿಡುವೆಲ್ಲಿ, ಎನ್ನಬಹುದು. ಹತ್ತು ನಿಮಿಷ ಸಾಕು. "ಎಷ್ಟು ಮಾರ್ಕ್ಸ್ ಬಂತು?" ಎನ್ನುವ ಬದಲು "ಇವತ್ತು ಯಾರ ಜೊತೆ ಊಟ ಮಾಡಿದೆ?" ಎಂದು ಕೇಳಿ ನೋಡಿ. ಎದುರು ಕೂರಿಸಿ ವಿಚಾರಿಸಿದರೆ ಬಾರದ ಮಾತು, ಜೊತೆಯಲ್ಲಿ ಸೊಪ್ಪು ಬಿಡಿಸುವಾಗ ತಾನಾಗಿಯೇ ಬರುತ್ತದೆ. ಬಂದ ಕೂಡಲೇ ಬುದ್ಧಿವಾದ ಶುರು ಮಾಡಬೇಡಿ. ಹಾಗೆಯೇ ನೀರು ಹಿಡಿಯುವುದು, ಪಾತ್ರೆ ತೊಳೆಯುವುದು ಮಗನಿಗೂ ಬರಲಿ. ಅಕ್ಕನಿಗೆ ಆಡಲು ಅರ್ಧ ಗಂಟೆ ಸಿಕ್ಕರೆ ಅದೇ ದೊಡ್ಡ ಔಷಧಿ.

ಶಾಲೆಯ ಪಾಲು

ಇಲ್ಲಿನ ಬಹಳಷ್ಟು ಮಕ್ಕಳು ಮನೆಯಲ್ಲಿ ತಮಿಳೋ ತೆಲುಗೋ ಆಡುತ್ತಾರೆ. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಪಾಠ ಯಾವ ಭಾಷೆಯಲ್ಲೇ ನಡೆಯಲಿ, ಅಳು ಬರುವುದು ಮನೆಮಾತಿನಲ್ಲೇ. ದುಃಖ ಹೇಳಿಕೊಳ್ಳಲು ಬಂದವಳ ಭಾಷೆಯನ್ನು ಶಿಕ್ಷಕರು ತಿದ್ದಬಾರದು. ಹುಡುಗಿಯರು ನಂಬಿ ಹೋಗಬಹುದಾದ ಒಬ್ಬ ಶಿಕ್ಷಕಿ ಯಾರೆಂಬುದು ಪ್ರತಿ ಶಾಲೆಯಲ್ಲೂ ಎಲ್ಲರಿಗೂ ತಿಳಿದಿರಲಿ. ಚಿಲಕವಿರುವ, ನೀರಿರುವ ಶೌಚಾಲಯವೂ ಮನಸ್ಸಿನ ಆರೋಗ್ಯದ ವಿಷಯವೇ. ಮುಟ್ಟಿನ ದಿನಗಳಲ್ಲಿ ಅದಿಲ್ಲದೆ ಪಾಠದ ಕಡೆ ಮನಸ್ಸು ನಿಲ್ಲುವುದು ಹೇಗೆ? ಆದರೆ "ಯಾರಿಗೂ ಹೇಳುವುದಿಲ್ಲ" ಎಂದು ಶಿಕ್ಷಕರು ಆಣೆ ಮಾಡಬಾರದು. ಲೈಂಗಿಕ ಕಿರುಕುಳ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕು. "ನಿನ್ನ ಒಳ್ಳೆಯದಕ್ಕೆ ಬೇಕಾದವರಿಗೆ ಮಾತ್ರ ಹೇಳುತ್ತೇನೆ" ಎನ್ನುವುದು ಪ್ರಾಮಾಣಿಕವಾದ ಮಾತು.

ವಿದ್ಯಾರ್ಥಿನಿಯರೇ, ನಿಮಗೊಂದು ಮಾತು. "ಬದುಕುವುದೇ ಬೇಡ ಅನ್ನಿಸುತ್ತಿದೆ" ಎಂದು ಗೆಳತಿ ಹೇಳಿದರೆ ಅದನ್ನು ಗುಟ್ಟಾಗಿ ಇಡಬೇಡಿ. ಅವಳನ್ನು ಒಂಟಿಯಾಗಿ ಬಿಡದೆ, ನಂಬಿಕೆಯ ದೊಡ್ಡವರೊಬ್ಬರಿಗೆ ಅಂದೇ ತಿಳಿಸಿ. ಅದು ಚಾಡಿಯಲ್ಲ, ಸ್ನೇಹ. ಮನೆಯಲ್ಲೂ ಶಾಲೆಯಲ್ಲೂ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ 14416 ಹಗಲೂ ರಾತ್ರಿ ಉಚಿತ. ಕನ್ನಡದಲ್ಲೂ ತಮಿಳು, ತೆಲುಗಿನಲ್ಲೂ ಮಾತಾಡಬಹುದು. ಈ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಂದೇ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಬೆಂಚಿನವಳಿಗೆ ಬೇಕಾದೀತು.