ನಾಲ್ಕು ಕಂಬದ ನೆರಳು

ಮನೆಯ ಹಿಂದೆ ನಾಲ್ಕು ಕವೆಗೂಟ ನೆಟ್ಟು, ಅಡ್ಡಡ್ಡಲಾಗಿ ಬಿದಿರಿನ ಗಳ ಕಟ್ಟಿ, ಮೇಲೊಂದು ಹೀರೆಬಳ್ಳಿ ಹಬ್ಬಿಸಿದರೆ ನಮ್ಮವರು ಅದನ್ನು ಚಪ್ಪರ ಎನ್ನುತ್ತಾರೆ. ಅದನ್ನೇ ತೇಗದ ಪಟ್ಟಿಯಲ್ಲೋ ಕಬ್ಬಿಣದ ಕೊಳವೆಯಲ್ಲೋ ಮಾಡಿಸಿ, ಕೆಳಗೆರಡು ಬೆತ್ತದ ಕುರ್ಚಿ ಹಾಕಿದರೆ ಎಂಜಿನಿಯರುಗಳು ಪರ್ಗೋಲ ಎನ್ನುತ್ತಾರೆ. ಖರ್ಚಿನಲ್ಲಿ ಅಜಗಜಾಂತರವಿದ್ದರೂ ಎರಡರ ಹುಟ್ಟೂ ಒಂದೇ. ಬಳ್ಳಿಗೊಂದು ಆಸರೆ ಬೇಕು, ಮನುಷ್ಯನಿಗೊಂದು ನೆರಳು ಬೇಕು. ಒಂದೇ ಕಟ್ಟಡದಲ್ಲಿ ಎರಡನ್ನೂ ಒದಗಿಸಿಕೊಂಡ ಜಾಣತನವೇ ಚಪ್ಪರ.

ಉತ್ತರ ಕರ್ನಾಟಕದಲ್ಲಿ ಇದು ಹಂದರ. ಹಳಗನ್ನಡದ ‘ಪಂದರ’ದ ಪಕಾರ ಹಕಾರವಾಗಿ ಹಂದರವಾಯಿತು. ತಮಿಳಿನ ‘ಪಂದಲ್’ ಇದರ ಒಡಹುಟ್ಟು. ಅದನ್ನೇ ಇಂಗ್ಲಿಷರು ‘ಪೆಂಡಾಲ್’ ಮಾಡಿಕೊಂಡು ನಮ್ಮ ಗಣೇಶೋತ್ಸವಕ್ಕೆ ಮರಳಿಸಿದರು. ನಾವು ದಿನನಿತ್ಯ ಬಳಸುವ ‘ಎಲುಬಿನ ಹಂದರ’, ‘ಕಥಾಹಂದರ’ ಎಂಬ ಮಾತುಗಳಲ್ಲಿ ಈ ಪದದ ಅರ್ಥ ಇನ್ನೂ ಸ್ಪಷ್ಟವಾಗಿ ಉಳಿದಿದೆ. ಹಂದರವೆಂದರೆ ಬರಿಯ ಚೌಕಟ್ಟು. ಮೈತುಂಬುವ ಕೆಲಸ ಬಳ್ಳಿಯದು.

ಪರ್ಗೋಲದ ಮೂಲ ಲ್ಯಾಟಿನ್ನಿನ ‘ಪೆರ್ಗುಲ’. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟದ ಸಂದರ್ಭದಲ್ಲಿ ತೀರಿಕೊಂಡ ರೋಮನ್ ಪಂಡಿತ ಪ್ಲಿನಿ ತನ್ನ ಬೃಹತ್ ನಿಸರ್ಗ ಗ್ರಂಥದಲ್ಲಿ ಒಂದು ದ್ರಾಕ್ಷಿಬಳ್ಳಿಯನ್ನು ನೆನೆಯುತ್ತಾನೆ. ರೋಮಿನಲ್ಲಿ ಲಿವಿಯಾಳ ಹೆಸರಿನ ಮಂಟಪದ ಅಂಗಳದಲ್ಲಿ ಈ ಒಂದೇ ಬಳ್ಳಿ ಚಪ್ಪರವನ್ನೆಲ್ಲ ಹಬ್ಬಿ, ತಿರುಗಾಡುವವರಿಗೆ ನೆರಳು ಕೊಟ್ಟು, ಮೇಲೆ 12 ಕೊಡ ರಸವನ್ನೂ ಕೊಡುತ್ತಿತ್ತಂತೆ. ಆ ಕಾಲದ ‘ಆಂಫೊರ’ ಎಂಬ ಅಳತೆಯ ಕೊಡ ಸುಮಾರು 26 ಲೀಟರ್. ಅಂದರೆ ಒಂದೇ ಬಳ್ಳಿಯಿಂದ 300 ಲೀಟರಿಗೂ ಮಿಕ್ಕಿ ದ್ರಾಕ್ಷಾರಸ! ಅದಕ್ಕೂ ಹದಿನಾಲ್ಕು ಹದಿನೈದು ಶತಮಾನ ಹಿಂದೆ ಈಜಿಪ್ಟಿನ ಥೀಬ್ಸ್ ನಗರದ ಅಧಿಕಾರಿ ಸೆನ್ನೆಫೆರ್ ತನ್ನ ಸಮಾಧಿಯ ಚಾವಣಿಗೆ ದ್ರಾಕ್ಷಿ ಚಪ್ಪರವನ್ನೇ ಬಣ್ಣದಲ್ಲಿ ಬರೆಸಿಕೊಂಡಿದ್ದ. ಸತ್ತ ಮೇಲೂ ಆ ನೆರಳು ಬೇಕೆನಿಸಿರಬೇಕು.

ಇಂಗ್ಲೆಂಡಿನ ಹೆಸ್ಟರ್‌ಕೂಂಬ್ ತೋಟದಲ್ಲಿ 1904ರಿಂದ 1908ರ ನಡುವೆ ಗರ್ಟ್ರೂಡ್ ಜೀಕಿಲ್ ಜೊತೆಗೂಡಿ ಪ್ರಸಿದ್ಧ ಪರ್ಗೋಲ ನಿರ್ಮಿಸಿದ ಎಡ್ವಿನ್ ಲುಟ್ಯೆನ್ಸ್, ಮುಂದೆ ದೆಹಲಿಯಲ್ಲಿ ಇಂದಿನ ರಾಷ್ಟ್ರಪತಿ ಭವನವನ್ನು ಕಟ್ಟಿದಾಗ ಅದರ ತೋಟದಲ್ಲೂ ಕೆಂಪು ಮರಳುಗಲ್ಲಿನ ಪರ್ಗೋಲ ನಿಲ್ಲಿಸಿದ. ಹೀಗೆ ಚಪ್ಪರದ ನಾಡಿಗೆ ಚಪ್ಪರವೇ ಹೊಸ ಹೆಸರಿನಲ್ಲಿ ಬಂದಿತು.

ಕಟ್ಟುವುದು, ಕಳಚುವುದು

ನಮ್ಮ ನಾಡಿನಲ್ಲಿ ಚಪ್ಪರವಿಲ್ಲದ ಸೀಮೆಯಿಲ್ಲ. ಕರಾವಳಿಯ ಹಿತ್ತಲುಗಳಲ್ಲಿ ಎದೆಯೆತ್ತರದ ಬಸಳೆ ಚಪ್ಪರವಿದೆ. ಪಾತ್ರೆ ತೊಳೆದ ನೀರು, ಒಲೆಯ ಬೂದಿ ಎಲ್ಲವೂ ಅದರ ಬುಡಕ್ಕೆ. ಬಯಲುಸೀಮೆಯಲ್ಲಿ ಒಂದು ಕಾಯಿಯ ಹೆಸರೇ ಚಪ್ಪರದವರೆ. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆ ಕಲ್ಲುಕಂಬ ನೆಟ್ಟು ತಂತಿ ಬಿಗಿದ ದ್ರಾಕ್ಷಿ ಚಪ್ಪರಗಳು ಎಕರೆಗಟ್ಟಲೆ ಹರಡಿವೆ. ಅಲ್ಲಿನ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗೆದ್ದಲಿನ ಕಾಟವಿರುವ ನೆಲದಲ್ಲಿ ಮರದ ಬದಲು ಕಲ್ಲು ನೆಟ್ಟದ್ದು ಅಲ್ಲಿನ ರೈತರ ವಿವೇಕ.

ಇವೆಲ್ಲಕ್ಕಿಂತ ವಿಶಿಷ್ಟವಾದದ್ದು ಮಲೆನಾಡಿನ ಅಂಗಳದ ಚಪ್ಪರ. ಮಳೆಗಾಲ ಮುಗಿದು ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ಮನೆಯ ಮುಂದೆ ಅಡಿಕೆ ಮರದ ಕಂಬಗಳು ಏಳುತ್ತವೆ. ಅವುಗಳ ಮೇಲೆ ಸೀಳಿದ ಅಡಿಕೆ ದಬ್ಬೆಯ ಹಾಸು. ಬೇಯಿಸಿದ ಅಡಿಕೆ ಮೇಲೆ ಬಿಸಿಲಿನಲ್ಲಿ ಒಣಗಿದರೆ, ಕೆಳಗಿನ ನೆರಳಿನಲ್ಲಿ ಸುಲಿಯುವವರು, ಆಡುವ ಮಕ್ಕಳು, ಬಂದುಹೋಗುವ ನೆಂಟರು. ಬೇಸಗೆಯಲ್ಲಿ ಅದೇ ಚಪ್ಪರಕ್ಕೆ ತೋರಣ ಕಟ್ಟಿದರೆ ಮದುವೆ ಮನೆ. ಮುಂಗಾರಿಗೆ ಮುನ್ನ ಅದನ್ನು ಕಳಚುತ್ತಾರೆ. ಗಟ್ಟಿ ಕಂಬ ಮುಂದಿನ ವರ್ಷಕ್ಕೆ, ಹಳೆಯ ದಬ್ಬೆ ಬೇಲಿಗೆ ಅಥವಾ ಒಲೆಗೆ, ಹೊದಿಸಿದ ಸೋಗೆ ಗೊಬ್ಬರದ ಗುಂಡಿಗೆ. ಹಾಕುವಾಗಲೂ ತೆಗೆಯುವಾಗಲೂ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಿದ್ದರು. ಇಂದು ಮನೆ ಮನೆಯ ಅಂಗಳದಲ್ಲಿ ಕಬ್ಬಿಣದ ಕಂಬ, ತಗಡು ಅಥವಾ ಪ್ಲಾಸ್ಟಿಕ್ ಹೊದಿಕೆಯ ಶಾಶ್ವತ ಮಾಡುಗಳು ಬಂದಿವೆ. ಆಳು ಸಿಗದ ಕಾಲದಲ್ಲಿ ಇದು ತಪ್ಪೇನಲ್ಲ. ಆದರೆ ಪ್ರತಿವರ್ಷ ಕಟ್ಟುತ್ತಿದ್ದುದರಿಂದಲೇ ಚಪ್ಪರದ ವಿದ್ಯೆ ಕೈಯಿಂದ ಕೈಗೆ ದಾಟುತ್ತಿತ್ತು. ಕಳಚುವ ಅಗತ್ಯ ಇಲ್ಲವಾದೊಡನೆ ಕಲಿಯುವ ಅವಕಾಶವೂ ಇಲ್ಲವಾಯಿತು.

ನಾವೇ ಕಟ್ಟಿಕೊಳ್ಳುವುದಾದರೆ

ಮನೆಯ ಹಿಂದೆ ಹತ್ತಡಿ ಜಾಗವಿದ್ದರೆ ಎರಡು ರಜಾದಿನಗಳಲ್ಲಿ ಒಂದು ಚಪ್ಪರ ಕಟ್ಟಬಹುದು. 8 ಅಡಿ ಉದ್ದ, 6 ಅಡಿ ಅಗಲದ ಅಳತೆ ಇಟ್ಟುಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ದಾರ ಹಿಡಿದರೆ ಸರಿಯಾಗಿ 10 ಅಡಿ ಬರಬೇಕು. ಎರಡು ಓರೆಗಳೂ 10 ಅಡಿ ಬಂದರೆ ನಿಮ್ಮ ಮೂಲೆಗಳು ಮಟ್ಟವಾಗಿವೆ. ಯಜ್ಞವೇದಿ ಅಳೆಯಲು ಶುಲ್ಬಸೂತ್ರಕಾರರು ಹಗ್ಗದಿಂದ ಮಾಡುತ್ತಿದ್ದ ಲೆಕ್ಕವೇ ಇದು.

ಮೂಲೆಗೊಂದರಂತೆ 2 ಅಡಿ ಆಳದ ಗುಂಡಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ನಿಲ್ಲದು. ಕಂಬ 10 ಅಡಿಯದಾದರೆ ನೆಲದ ಮೇಲೆ 8 ಅಡಿ ಉಳಿಯುತ್ತದೆ. ಬಳ್ಳಿ ಜೋತು ಕಾಯಿ ಇಳಿಬಿದ್ದಾಗಲೂ ತಲೆಗೆ ತಾಗಬಾರದಷ್ಟೇ ಉದ್ದೇಶ. ಬಿದಿರನ್ನು ಹಾಗೆಯೇ ಹೂತರೆ ಒಂದೆರಡು ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ. ಆದ್ದರಿಂದ ಕಲ್ಲುಕಂಬ ಸಿಕ್ಕರೆ ಉತ್ತಮ. ಇಲ್ಲವಾದರೆ ಹೂತಿಟ್ಟ ಕಾಂಕ್ರೀಟ್ ಬುಡಕ್ಕೆ ಕಬ್ಬಿಣದ ಪಟ್ಟಿಯಿಂದ ಮರವನ್ನು ಬಿಗಿದು, ಮರ ಮಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು.

ಇನ್ನು ನಾನು ಪೆಟ್ಟು ತಿಂದು ಕಲಿತ ಪಾಠ. ಮೊದಲ ವರ್ಷ ಕಂಬ, ತೊಲೆ, ಗಳ ಎಲ್ಲವನ್ನೂ ಬಿಗಿಯಾಗಿ ಕಟ್ಟಿದ್ದೆ. ಹೀರೆ ಸೊಗಸಾಗಿ ಹಬ್ಬಿತು. ಒಂದು ಸಂಜೆ ಗಾಳಿಮಳೆಗೆ ಇಡೀ ಚಪ್ಪರ, ಒಂದು ಕಂಬವೂ ಮುರಿಯದೆ, ಪಕ್ಕಕ್ಕೆ ವಾಲಿ ಮಲಗಿತು. ತೆಂಗಿನಕಾಯಿ ಕೀಳಲು ಬರುತ್ತಿದ್ದ ಹಿರಿಯರು ನೋಡಿ, “ಸ್ವಾಮಿ, ನಾಲ್ಕು ಕಾಲು ಕೊಟ್ರಿ, ಮೊಣಕೈ ಕೊಡೋದು ಮರೆತ್ರಿ” ಎಂದರು. ಚೌಕವನ್ನು ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಕಂಬಕ್ಕೂ ತೊಲೆಗೂ ನಡುವೆ ಎರಡಡಿಯ ಓರೆಗಟ್ಟು ಪ್ರತಿ ಮೂಲೆಯಲ್ಲೂ ಎರಡು ದಿಕ್ಕಿಗೆ ಇರಲೇಬೇಕು. ಅವರು ಅರ್ಧ ದಿನದಲ್ಲಿ ಎಂಟು ಮೊಣಕೈ ಕಟ್ಟಿಕೊಟ್ಟರು. ಚಪ್ಪರ ಆಮೇಲೆ ಅಲುಗಲಿಲ್ಲ.

ಮತ್ತೊಂದು ಎಚ್ಚರಿಕೆ: ಮಳೆ ಬಂತೆಂದು ಚಪ್ಪರದ ಮೇಲೆ ಟಾರ್ಪಾಲು ಎಳೆಯಬೇಡಿ. 8 ಅಡಿಗೆ 6 ಅಡಿ ಹಾಸಿನಲ್ಲಿ ಬರೀ 5 ಸೆಂಟಿಮೀಟರ್ ನೀರು ನಿಂತರೂ ಅದರ ತೂಕ ಸುಮಾರು 220 ಕಿಲೋ. ಬಳ್ಳಿಯ ಚಪ್ಪರ ನೀರನ್ನು ಸೋಸಿಬಿಡುತ್ತದೆ, ಹಾಗಾಗಿ ತೆಳ್ಳಗಿದ್ದೂ ಉಳಿಯುತ್ತದೆ.

ಸೂರ್ಯನ ದಿಕ್ಕು

ವಿದೇಶಿ ಚಿತ್ರಗಳನ್ನು ನೋಡಿ ಪರ್ಗೋಲ ಮಾಡಿಸುವವರು ಎಡವುವುದು ಇಲ್ಲಿ. ಲಂಡನ್ನಿನಲ್ಲಿ ಜೂನ್ ತಿಂಗಳ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ 62 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಪೂರ್ವ ಪಶ್ಚಿಮವಾಗಿ ನಿಲ್ಲಿಸಿದ ಮರದ ಪಟ್ಟಿಗಳು ಆ ಓರೆ ಬಿಸಿಲನ್ನು ತಡೆಯುತ್ತವೆ. ಬೆಂಗಳೂರಿನ ಸಂಗತಿ ಬೇರೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೇ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳೇ ಬೀಳದು. ಸುಡುವ ಏಪ್ರಿಲ್ಲಿನಲ್ಲಿ ಅವನ ದಾರಿ ಹೆಚ್ಚುಕಡಿಮೆ ಪೂರ್ವದಿಂದ ನೆತ್ತಿಗೆ, ನೆತ್ತಿಯಿಂದ ಪಶ್ಚಿಮಕ್ಕೆ. ಪಟ್ಟಿಗಳೂ ಅದೇ ದಿಕ್ಕಿಗಿದ್ದರೆ ಬಿಸಿಲು ಸಂದುಗಳಲ್ಲಿ ಹಗಲಿನ ಬಹುಪಾಲು ನೇರವಾಗಿ ಒಳಗಿಳಿಯುತ್ತದೆ. ನಮ್ಮಲ್ಲಿ ಮೇಲಿನ ಪಟ್ಟಿಗಳು ಉತ್ತರ ದಕ್ಷಿಣವಾಗಿರಬೇಕು. ಆಗ ಬೆಳಗಿನ ಮತ್ತು ಮೂರು ಗಂಟೆಯ ಬಿಸಿಲಾದರೂ ತಡೆಯುತ್ತದೆ. ನಡುಹಗಲಿಗೆ ಯಾವ ಪಟ್ಟಿಯೂ ಸಾಲದು, ಎಲೆಯೇ ಬೇಕು.

ಎಲೆಯ ನೆರಳು ತಗಡಿನ ನೆರಳಿಗಿಂತ ತಂಪು ಎಂಬುದು ಬರಿಯ ಭಾವನೆಯಲ್ಲ. ತಗಡು ಬಿಸಿಲಿಗೆ ಕಾದು ಆ ಶಾಖವನ್ನು ಕೆಳಗಿನವರ ಮೇಲೆ ಸುರಿಯುತ್ತದೆ. ಎಲೆ ನೀರನ್ನು ಆವಿಯಾಗಿಸುತ್ತಾ ತನ್ನನ್ನು ತಾನು ತಂಪಾಗಿಟ್ಟುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ, ಅಷ್ಟೇ ನೀರನ್ನು 20 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ಬೇಕಾದುದರ ಏಳು ಪಟ್ಟು. ಬಳ್ಳಿ ಈ ಕೆಲಸವನ್ನು ಕರೆಂಟ್ ಬಿಲ್ಲಿಲ್ಲದೆ ಮಾಡುತ್ತದೆ.

ಆದರೆ ಬಳ್ಳಿಯ ಆಯ್ಕೆಯಲ್ಲಿ ಕಾಲದ ಲೆಕ್ಕವಿರಲಿ. ಮುಂಗಾರಿನಲ್ಲಿ ಬಿತ್ತಿದ ಚಪ್ಪರದವರೆ ಚಳಿಗಾಲದಲ್ಲಿ ಕಾಯಿ ಕೊಟ್ಟು ಬೇಸಗೆಯ ಹೊತ್ತಿಗೆ ಒಣಗಿರುತ್ತದೆ. ಏಪ್ರಿಲ್ಲಿಗೆ ಉಳಿಯುವುದು ಬರಿಯ ಹಂದರ. ನೆರಳೇ ಮುಖ್ಯವಾದರೆ ಹಲವು ವರ್ಷ ಬಾಳುವ ತೊಂಡೆ, ಶರಬತ್ತಿನ ಹಣ್ಣಿನ ಬಳ್ಳಿ ಅಥವಾ ಮಲ್ಲಿಗೆ ಬಳ್ಳಿ ಒಂದು ಮೂಲೆಗಾದರೂ ಇರಲಿ. ಉಳಿದ ಮೂಲೆಗಳಲ್ಲಿ ಋತುವಿಗೆ ತಕ್ಕಂತೆ ಅವರೆ, ಹೀರೆ, ಪಡವಲ.

ಮೂವತ್ತು ನಲವತ್ತರ ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಮನೆ ಕಟ್ಟಿ, ಹಿತ್ತಲೆಂಬ ಮಾತನ್ನೇ ನಾವು ಮರೆಯುತ್ತಿದ್ದೇವೆ. ಅಂಥವರಿಗೆ ತಾರಸಿಯಾದರೂ ಇದೆ; ದೊಡ್ಡ ಕುಂಡಗಳಲ್ಲಿ ಬಳ್ಳಿ ಹಾಕಿ, ಕಂಬಗಳನ್ನು ಪ್ಯಾರಪೆಟ್ಟಿಗೆ ಭದ್ರವಾಗಿ ಬಿಗಿದು ಅಲ್ಲೂ ಚಪ್ಪರ ಮಾಡಬಹುದು. ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ. ಗಂಟು ಹಾಕಲಿ, ದಾರ ಹಿಡಿದು ಅಳೆಯಲಿ. ಹಗ್ಗ ಎರಡು ವರ್ಷಕ್ಕೊಮ್ಮೆ ಹರಿಯುತ್ತದೆ, ಗಳ ಬದಲಾಯಿಸಬೇಕಾಗುತ್ತದೆ. ಅದನ್ನು ತೊಂದರೆ ಎಂದುಕೊಳ್ಳಬೇಕಾಗಿಲ್ಲ. ಎರಡನೆಯ ಸಲ ಕಟ್ಟುವಾಗ ಮಕ್ಕಳಿಗೆ ಮೊಣಕೈ ಎಲ್ಲಿಗೆ ಕೊಡಬೇಕೆಂದು ಯಾರೂ ಹೇಳಿಕೊಡಬೇಕಾಗಿರುವುದಿಲ್ಲ.