ಸೋರುವ ಕಿವಿಗೆ ಒಂದು ದಿನದ ಶಿಬಿರ ಸಾಲದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಆಡಳಿತದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಪಾಲಿಗೆ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಕಿವಿ, ಮೂಗು, ಗಂಟಲಿನ ತಜ್ಞರು ಹಳ್ಳಿಗೆ ಬಂದು ನಡೆಸುವ ಉಚಿತ ಶಿಬಿರದ ಮಾತು ಬಂದಾಗ ಈ ವಿಂಗಡಣೆಯನ್ನು ನೆನಪಿಡುವುದು ಒಳ್ಳೆಯದು. ಬಡವರ ಮನೆಯ ಕಿವಿ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಎಳೆಯ ವಯಸ್ಸಿನಲ್ಲಿ, ಅದರ ಪೆಟ್ಟು ಮೊದಲು ಬೀಳುವುದು ತರಗತಿಯಲ್ಲಿ. ಆದರೆ ಶಿಬಿರ ಎಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಕಣ್ಣಿನ ಶಿಬಿರ. ಅದಕ್ಕೆ ಕಾರಣವೂ ಇದೆ. ಬೀಳಗಿ ಮೂಲದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ, ಒಂದೊಂದು ದಿನಕ್ಕೆ ನೂರಾರು ಜನರ ಪೊರೆ ತೆಗೆದು, 1968ರಲ್ಲಿ ಪದ್ಮಭೂಷಣ ಪಡೆದ ನಾಡು ಇದು. ಬೆಳಿಗ್ಗೆ ಕೋಲು ಹಿಡಿದು ಬಂದ ಅಜ್ಜಿ ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಗನ ಮುಖ ಗುರುತಿಸಿದ್ದನ್ನು ಕಂಡವರಿಗೆ ಶಿಬಿರವೆಂದರೆ ಹೀಗೇ ಎಂಬ ಅಚ್ಚು ಬಿದ್ದುಬಿಟ್ಟಿದೆ: ಡಾಕ್ಟರು ಬಂದರು, ನೋಡಿದರು, ಗುಣವಾಯಿತು. ಈ ಅಚ್ಚಿಗೆ ಕಿವಿಯನ್ನು ಸುರಿಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. ಅದನ್ನು ಹೊತ್ತವರಲ್ಲಿ ಶಿಬಿರಕ್ಕೆ ಬರುವವರಷ್ಟೇ ಅಲ್ಲ, ನಡೆಸುವವರೂ ಇದ್ದಾರೆ. ಪೊರೆ ಒಂದು ಸಲ ತೆಗೆದರೆ ಮುಗಿಯುವ ಕೆಲಸ. ಕಿವಿಯದು ತಿಂಗಳುಗಟ್ಟಲೆಯ ಕೆಲಸ.

ಮೊದಲು ಸೋರುವ ಕಿವಿಯನ್ನೇ ನೋಡೋಣ. ಮಗುವಿನ ಕಿವಿಯಿಂದ ಕೀವು ಬಂದರೆ ನಮ್ಮ ಕಡೆ ಅದನ್ನು ಕಾಯಿಲೆ ಎಂದು ಎಣಿಸುವುದೇ ಕಡಿಮೆ. ಹಲ್ಲು ಬರುವಾಗ ಹಾಗಾಗುತ್ತದೆ, ಸೋರಿದಷ್ಟೂ ಕೆಟ್ಟದ್ದು ಹೊರಗೆ ಹೋಗುತ್ತದೆ, ದೊಡ್ಡವನಾದಾಗ ತಾನೇ ನಿಲ್ಲುತ್ತದೆ ಎನ್ನುವ ಮೂರು ಸಮಾಧಾನಗಳು ಸಿದ್ಧವಾಗಿರುತ್ತವೆ. ನಿಜಕ್ಕೂ ಆಗುವುದು ಬೇರೆ. ಮೂಗಿನ ಹಿಂಭಾಗದಿಂದ ಕಿವಿಯ ಒಳಕೋಣೆಗೆ ಒಂದು ಸಣ್ಣ ನಾಳವಿದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಬಹುಪಾಲು ಅಡ್ಡ. ನೆಗಡಿಯ ಸೋಂಕು ಸುಲಭವಾಗಿ ಒಳಕ್ಕೆ ಹತ್ತುತ್ತದೆ, ಒಳಗೆ ಕೀವು ತುಂಬುತ್ತದೆ, ಒತ್ತಡ ತಾಳದೆ ಕಿವಿಯ ತಮಟೆ ತೂತಾಗುತ್ತದೆ. ತೂತಾದ ಕೂಡಲೇ ನೋವು ಇಳಿಯುವುದರಿಂದ ಮನೆಯವರಿಗೆ ಗುಣವಾದಂತೆಯೇ ಕಾಣುತ್ತದೆ. ಮೊದಲ ಸಲದ ತೂತು ಬಹಳಷ್ಟು ಮಕ್ಕಳಲ್ಲಿ ಮುಚ್ಚಿಕೊಳ್ಳುತ್ತದೆ, ನಿಜ. ಹಿರಿಯರ ಸಮಾಧಾನಕ್ಕೆ ಇರುವ ಆಧಾರ ಇಷ್ಟೇ. ಎರಡು ವಾರ ಮೀರಿಯೂ ಸೋರುತ್ತಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದೀರ್ಘಕಾಲದ ಕಿವಿ ಸೋರುವ ಕಾಯಿಲೆ ಎಂದೇ ಗಣಿಸುತ್ತದೆ. ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ ಇಂಥ ಕಿವಿಯುಳ್ಳವರು 6.5 ಕೋಟಿಯಿಂದ 33 ಕೋಟಿ, ಅವರಲ್ಲಿ ನೂರಕ್ಕೆ 60 ಮಂದಿಗೆ ಗಣನೀಯ ಕಿವುಡು. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ದೂರ ಇರುವುದೇ ಈ ಕಾಯಿಲೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದಕ್ಕೆ ಸಾಕ್ಷಿ.

ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯದ್ದು. ಸೋರುವುದು ಹೆಚ್ಚಿದ್ದರೆ ಕಾಯಿಲೆ ಜೋರು, ಕಡಿಮೆಯಾದರೆ ಗುಣ ಎಂದು ಎಲ್ಲರೂ ತಿಳಿದಿದ್ದಾರೆ. ಕಿವಿಯ ವಿಷಯದಲ್ಲಿ ಇದು ಬಹುತೇಕ ತಿರುಗುಮುರುಗು. ಧಾರಾಳವಾಗಿ, ಲೋಳೆಯಂತೆ, ವಾಸನೆಯಿಲ್ಲದೆ ಸೋರುವ ಕಿವಿಯಲ್ಲಿ ತೂತು ಸಾಮಾನ್ಯವಾಗಿ ತಮಟೆಯ ನಡುವೆ ಇರುತ್ತದೆ. ಪ್ರಾಣಕ್ಕೆ ಅಪಾಯ ಕಡಿಮೆ. ಆದರೆ ದಿಂಬಿಗೆ ಒಂದು ಹನಿಯಷ್ಟೇ ಕಲೆ, ಅದೂ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುವಷ್ಟು ದುರ್ವಾಸನೆ ಎಂದಾದರೆ ಹುಷಾರಾಗಬೇಕು. ತಮಟೆಯ ಮೇಲಂಚಿನಲ್ಲಿ ಚರ್ಮ ಒಳಕ್ಕೆ ಬೆಳೆದು, ಚೀಲದಂತೆ ತುಂಬಿಕೊಂಡು, ಸುತ್ತಲಿನ ಎಲುಬನ್ನು ತಿನ್ನುತ್ತಿರಬಹುದು. ಮೊದಲು ಸದ್ದನ್ನು ಒಯ್ಯುವ ಮೂರು ಪುಟ್ಟ ಎಲುಬುಗಳು ಸವೆಯುತ್ತವೆ. ಕಿವಿಯೊಳಗೇ ಹಾದುಹೋಗುವ ಮುಖದ ನರಕ್ಕೆ ತಗುಲಿದರೆ ಬಾಯಿ ಸೊಟ್ಟಗಾಗುತ್ತದೆ. ತೆಳ್ಳನೆಯ ಎಲುಬಿನ ಆಚೆಗೆ ಇರುವುದು ಮಿದುಳು. ಅಲ್ಲಿ ಕೀವುಗಟ್ಟಿದರೆ ಮಗು ಉಳಿಯುವುದೇ ಕಷ್ಟ. ಜ್ವರ, ವಾಂತಿ, ತಲೆನೋವಿನಿಂದ ಹೋದ ಮಗುವಿನ ಬಗ್ಗೆ ಮಾತಾಡುವಾಗ ಅದರ ಕಿವಿ ವರ್ಷಗಟ್ಟಲೆ ನಾರುತ್ತಿತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಇಂಥ ಕಿವಿಯನ್ನು ಗುರುತಿಸುವುದಕ್ಕೆ ಬೇಕಾದದ್ದು ಕೀವು ಒರೆಸಿ, ದೀಪ ಬಿಟ್ಟು, ತಮಟೆಯ ಮೇಲಂಚನ್ನು ನಿಧಾನವಾಗಿ ನೋಡುವ ತಾಳ್ಮೆ. ನೂರಾರು ಜನ ಸಾಲುಗಟ್ಟಿದ ಶಿಬಿರದಲ್ಲಿ ಮೊದಲು ಕೈಕೊಡುವುದೂ ಆ ತಾಳ್ಮೆಯೇ.

ಕಿವಿಗೆ ಏನು ಹಾಕಬಹುದು ಎಂಬ ವಿಚಾರದಲ್ಲಿ ಮನೆಮನೆಗೂ ಒಂದು ಔಷಧಾಲಯ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಎದೆಹಾಲು, ಸೊಪ್ಪಿನ ರಸ. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರಾದ ಜಾಗ; ಆ ಹೆಸರನ್ನು ಮುಂದಿಟ್ಟುಕೊಂಡು, ಇಂಗ್ಲಿಷ್ ಔಷಧಿಯವರು ನಾಟಿ ಮದ್ದನ್ನು ಹೀಗಳೆಯುತ್ತಾರೆ ಎಂದು ಆಕ್ಷೇಪಿಸುವವರಿದ್ದಾರೆ. ಇಲ್ಲಿರುವುದು ಮೂಲಿಕೆಯ ಗುಣದ ಪ್ರಶ್ನೆಯಲ್ಲ, ತೂತಿನ ಪ್ರಶ್ನೆ. ತಮಟೆ ಗಟ್ಟಿಯಾಗಿದ್ದರೆ ಹಬ್ಬದ ಎಣ್ಣೆಸ್ನಾನದ ಒಂದು ತೊಟ್ಟು ಹೊರಗಿವಿಯಲ್ಲೇ ನಿಲ್ಲುತ್ತದೆ, ದೊಡ್ಡ ಹಾನಿಯಿಲ್ಲ. ತಮಟೆ ತೂತಾಗಿದ್ದರೆ ಹಾಕಿದ್ದೆಲ್ಲ ನೇರ ಒಳಕೋಣೆಗೆ ಇಳಿಯುತ್ತದೆ, ಜೊತೆಗೆ ಅದರಲ್ಲಿದ್ದ ಕ್ರಿಮಿಯೂ. ಅಂಗಡಿಯ ಹನಿಗಳಿಗೂ ಇದೇ ಮಾತು: ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಕೆಲವು ಹನಿಗಳು ತೂತಿನ ಮೂಲಕ ಒಳಗಿವಿಗೆ ತಲುಪಿ ಇದ್ದ ಶ್ರವಣವನ್ನೂ ಕೆಡಿಸಬಲ್ಲವು. ಇನ್ನು ಸೂಜಿಯ ಮೋಹ. ಹನಿ ಬರೆದುಕೊಟ್ಟರೆ ಡಾಕ್ಟರು ಸರಿಯಾಗಿ ನೋಡಲಿಲ್ಲ ಎನ್ನುವವರು ಬಹಳ. ಆದರೆ ದೀರ್ಘಕಾಲ ಸೋರುವ ಕಿವಿಯ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ ಸಿಪ್ರೊಫ್ಲಾಕ್ಸಾಸಿನ್‌ನಂಥ ಹನಿಯೇ ಮಾತ್ರೆಗಿಂತ, ಚುಚ್ಚುಮದ್ದಿಗಿಂತ ಮೇಲು ಎಂದು ಕಂಡಿದೆ. ಒಂದು ಷರತ್ತು: ಹನಿ ಹಾಕುವ ಮೊದಲು ಕೀವು ತೆಗೆದಿರಬೇಕು. ಶುದ್ಧವಾದ ಹತ್ತಿಯನ್ನು ಬತ್ತಿಯಂತೆ ಹೊಸೆದು, ಕಿವಿಯೊಳಗಿಟ್ಟು, ಒದ್ದೆಯಾದ ಮೇಲೆ ತೆಗೆದು, ಮತ್ತೊಂದಿಟ್ಟು, ಒಣಗಿ ಬರುವವರೆಗೂ ಹೀಗೇ ಮಾಡಿ ಆಮೇಲೆ ಹನಿ. ದಿನಕ್ಕೆ ಹಲವು ಸಲ, ಹಲವು ದಿನ. ಸ್ನಾನದ ನೀರು ಒಳಹೋಗದಂತೆ ವ್ಯಾಸಲಿನ್ ಸವರಿದ ಹತ್ತಿ. ಇದನ್ನು ತಾಯಿಗೆ ಕೈಹಿಡಿದು ಕಲಿಸದೆ ಬಾಟಲಿ ಮಾತ್ರ ಕೊಟ್ಟು ಕಳಿಸಿದರೆ ಹನಿ ಕೀವಿನ ಮೇಲೆ ತೇಲುತ್ತದೆ, ಅಷ್ಟೇ.

ಸೋರದ ಕಿವಿಯ ಕಿವುಡನ್ನು ಕಂಡುಹಿಡಿಯುವುದು ಇನ್ನೂ ಕಷ್ಟ, ಅಲ್ಲಿ ನಂಬಿಕೆಗಳೂ ಇನ್ನೂ ಗಟ್ಟಿ. ಪಾವಗಡ ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳು ಬೇಕಾದಷ್ಟು. ಮಗುವಿಗೆ ಮಾತು ಬರದಿದ್ದರೆ ಎರಡು ಭಾಷೆ ಸೇರಿ ಗೊಂದಲವಾಗಿದೆ ಎಂದೋ, ಅವರ ತಾತನಿಗೂ ತಡವಾಗಿಯೇ ಮಾತು ಬಂತು ಎಂದೋ ಸುಮ್ಮನಿರುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಯಾವ ಮಗುವಿಗೂ ಮಾತು ನಿಂತುಹೋಗುವುದಿಲ್ಲ. ಗಡಿಸೀಮೆಯ ಲಕ್ಷಾಂತರ ಜನರೇ ಇದಕ್ಕೆ ಸಾಕ್ಷಿ. ಹಿಂದೆ ನಿಂತು ತಟ್ಟೆ ಬಡಿದರೆ ತಿರುಗುತ್ತಾನೆ, ಕಿವಿ ಚೆನ್ನಾಗಿದೆ ಎನ್ನುವುದು ಮತ್ತೊಂದು ಪರೀಕ್ಷೆ. ತಟ್ಟೆಯ ಭಾರೀ ಸದ್ದು ಅರೆಗಿವುಡಿಗೂ ಕೇಳುತ್ತದೆ, ನೆಲದ ಕಂಪನವೂ ತಲುಪುತ್ತದೆ. ಕೇಳಿಸದಿರುವುದು ಸ, ಶ, ತ, ಕ ಎಂಬ ಸಣ್ಣ ಸದ್ದುಗಳು. ಉಕ್ತಲೇಖನದಲ್ಲಿ ಒತ್ತಕ್ಷರ ನುಂಗುವ, ಕೊನೆಯ ಬೆಂಚಿನಿಂದ ಮೇಷ್ಟರ ತುಟಿಯನ್ನೇ ದಿಟ್ಟಿಸುವ, ಕರೆದರೆ ಒಂದು ಸಲ ಓಗೊಟ್ಟು ಮತ್ತೊಂದು ಸಲ ಸುಮ್ಮನಿರುವ ಹುಡುಗನಿಗೆ ದಡ್ಡ, ಸೋಮಾರಿ ಎಂಬ ಪಟ್ಟ ಸಿಗುವುದು ಇಲ್ಲಿ. ಹುಟ್ಟುಗಿವುಡಿನ ಬಗ್ಗೆಯಂತೂ ನಮ್ಮ ವಂಶದಲ್ಲೇ ಇಲ್ಲ ಎಂಬ ಮಾತು ಮೊದಲು ಬರುತ್ತದೆ. ಕಿವುಡಾಗಿ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಇರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಸಂಬಂಧಗಳಲ್ಲಿ, ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಜೊತೆಗೂಡುವ ಸಾಧ್ಯತೆ ಹೆಚ್ಚು. ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ಬೇರೆ ನೆರವು ಎಂಬುದು ಜಗತ್ತು ಒಪ್ಪಿರುವ ಲೆಕ್ಕ. ಐದು ವರ್ಷ ಕಾದು ಶಿಬಿರಕ್ಕೆ ಕರೆತಂದ ಮಗುವಿಗೆ ಎಂಥ ತಜ್ಞರೂ ಆ ಐದು ವರ್ಷವನ್ನು ಮರಳಿಸಲಾರರು.

ಈಗ ಶಿಬಿರ ನಡೆಸುವವರ ಕಡೆಗೆ. ಶ್ರವಣ ಪರೀಕ್ಷೆ ಎಂದರೆ ಅತಿ ಸಣ್ಣ ಸದ್ದು ಯಾವ ಹಂತದಲ್ಲಿ ಕೇಳಿಸುತ್ತದೆ ಎಂದು ಗುರುತು ಹಾಕುವುದು. ಅದಕ್ಕೆ ಬೇಕಾದ ಮೊದಲ ಸಲಕರಣೆ ನಿಶ್ಶಬ್ದ. ನಮ್ಮಲ್ಲಿ ವೇದಿಕೆಯ ಮೇಲೆ ಮೈಕು, ಸ್ವಾಗತ ಭಾಷಣ, ಹಾರ ತುರಾಯಿ ನಡೆಯುತ್ತಿರುವಾಗಲೇ ಪಕ್ಕದ ಕೊಠಡಿಯಲ್ಲಿ ಕಿವಿ ಅಳೆಯುವುದುಂಟು. ಆ ಅಳತೆಯನ್ನು ನಂಬಿ ಹಂಚಿದ ಶ್ರವಣ ಸಾಧನ ಮರುದಿನವೇ ಟ್ರಂಕು ಸೇರುತ್ತದೆ. ಆಮೇಲೆ ಮಷಿನ್ ಹಾಕಿದರೆ ಇದ್ದ ಕಿವಿಯೂ ಹೋಗುತ್ತದೆ ಎಂಬ ಹೊಸ ನಂಬಿಕೆ ಹುಟ್ಟುತ್ತದೆ. ಸರಿಯಾಗಿ ಅಳೆದು ಹೊಂದಿಸಿದ ಸಾಧನ ಕಿವಿ ಕೆಡಿಸುವುದಿಲ್ಲ. ಆದರೆ ಅದಕ್ಕೆ ಬ್ಯಾಟರಿ ಬೇಕು, ಬೆಳೆಯುವ ಮಗುವಿಗೆ ಕಿವಿಯ ಅಚ್ಚನ್ನು ಆಗಾಗ ಬದಲಿಸಬೇಕು, ಕಿವಿ ಸೋರುತ್ತಿದ್ದರೆ ಅಚ್ಚು ಹಾಕುವಂತೆಯೇ ಇಲ್ಲ. ಶಸ್ತ್ರಚಿಕಿತ್ಸೆಯ ಬಗ್ಗೆಯೂ ಹಾಗೆಯೇ. ಕಿವಿ ಆಪರೇಷನ್ ಮಾಡಿಸಿದರೆ ಬಾಯಿ ಸೊಟ್ಟಗಾಗುತ್ತದೆ ಎಂಬ ಭಯವಿದೆ. ಆ ಅಪಾಯ ಇಲ್ಲವೇ ಇಲ್ಲ ಎನ್ನುವಂತಿಲ್ಲ, ಆದರೆ ಅಪರೂಪ, ಮುಖದ ನರಕ್ಕೆ ಚಿಕಿತ್ಸೆಯಿಲ್ಲದೆ ಬಿಟ್ಟ ಕಾಯಿಲೆಯಿಂದಲೇ ಹೆಚ್ಚು ಗಂಡಾಂತರ. ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿನ ತೆಳುಪೊರೆ ತೆಗೆದು ತಮಟೆಗೆ ತೇಪೆ ಹಾಕುವ ಕೆಲಸ 1950ರ ದಶಕದಿಂದ ಬೆಳೆದುಬಂದದ್ದು, ಹೆಚ್ಚಿನ ವರದಿಗಳಲ್ಲಿ ನೂರಕ್ಕೆ 80ರಿಂದ 90ರಷ್ಟು ತೇಪೆಗಳು ಹಿಡಿದುಕೊಳ್ಳುತ್ತವೆ. ಅದಕ್ಕೆ ಸೂಕ್ಷ್ಮದರ್ಶಕ, ಅರಿವಳಿಕೆ, ಶುದ್ಧವಾದ ಥಿಯೇಟರು ಬೇಕು. ಶಾಲೆಯ ವರಾಂಡದಲ್ಲಿ ಆಗುವುದಲ್ಲ.

ಹಾಗಾದರೆ ಶಿಬಿರಗಳೇ ದಂಡವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಕೂಲಿ ಬಿಟ್ಟು, ಬಸ್ಸಿನ ದುಡ್ಡು ಹೊಂದಿಸಿ, ನೋವಿಲ್ಲದ ಕಾಯಿಲೆಗಾಗಿ ಅಷ್ಟು ದೂರ ಯಾರೂ ಹೋಗುವುದಿಲ್ಲ. ಮನೆಬಾಗಿಲಿಗೆ ತಜ್ಞರು ಬಾರದಿದ್ದರೆ ನಾರುವ ಕಿವಿ ನಾರುತ್ತಲೇ ಇರುತ್ತದೆ. ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಹುಟ್ಟುಗಿವುಡೂ ಕಿವಿ ಸೋರುವುದೂ ಅವುಗಳ ಪಟ್ಟಿಯಲ್ಲಿವೆ. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಅದಕ್ಕೂ ಹಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ನಮ್ಮ ನಾಡಿನಲ್ಲೇ ಇದೆ. ಕೊರತೆ ಇರುವುದು ಇವುಗಳನ್ನು ಒಂದೇ ದಾರಕ್ಕೆ ಪೋಣಿಸುವಲ್ಲಿ. ಇನ್ನೊಂದು ಆಕ್ಷೇಪ: ಹಳ್ಳಿ ಜನ ಎರಡನೇ ಸಲ ಬರುವುದೇ ಇಲ್ಲ, ತಿಂಗಳುಗಟ್ಟಲೆಯ ಚಿಕಿತ್ಸೆ ಇಲ್ಲಿ ನಡೆಯುವುದಿಲ್ಲ. ಈ ಮಾತಿಗೆ ಪಾವಗಡವೇ ಉತ್ತರ ಕೊಟ್ಟಿದೆ. ಸ್ವಾಮಿ ಜಪಾನಂದರ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ ಕುಷ್ಠ ಮತ್ತು ಕ್ಷಯದ ವಿರುದ್ಧ ಕೆಲಸ ಮಾಡಿದ್ದು ಇದೇ ಬರಡು ತಾಲ್ಲೂಕಿನಲ್ಲಿ. ಕುಷ್ಠದ ಔಷಧಿಯನ್ನು ಆರು ತಿಂಗಳೋ ಹನ್ನೆರಡು ತಿಂಗಳೋ ಬಿಡದೆ ಕೊಡಬೇಕು. ಅವಮಾನ ಅಂಟಿಕೊಂಡ ಆ ಕಾಯಿಲೆಯಲ್ಲೇ ಜನ ತಿಂಗಳು ತಿಂಗಳು ಮದ್ದು ತೆಗೆದುಕೊಂಡರೆ, ಕಿವಿಗೆ ಎರಡು ತಿಂಗಳು ಬಾರದಿರಲು ಕಾರಣವಿಲ್ಲ. ಬರಬೇಕಾದರೆ ಬರುವುದಕ್ಕೆ ಒಂದು ಜಾಗ, ಒಂದು ತಾರೀಖು, ಗುರುತು ಹಿಡಿಯುವ ಒಬ್ಬರು ಇರಬೇಕು.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂದಿನ ಶಿಬಿರಕ್ಕೆ ಕರಪತ್ರ ಅಚ್ಚು ಹಾಕಿಸುವ ಸಂಘ ಸಂಸ್ಥೆಗಳು ಅತಿಥಿಗಳ ಹೆಸರಿನ ಸಾಲು ಒಂದಿಷ್ಟು ಕಡಿಮೆ ಮಾಡಿ, ಅದೇ ಡಾಕ್ಟರು ಅದೇ ಶಾಲೆಗೆ ಮತ್ತೆ ಬರುವ ಎರಡನೇ, ಮೂರನೇ ತಾರೀಖನ್ನು ಅದೇ ಹಾಳೆಯಲ್ಲಿ ಹಾಕಿಸಲಿ. ಆಶಾ ಕಾರ್ಯಕರ್ತೆಯ ಕೈಗೆ ಸೋರುವ ಕಿವಿಯ ಮಕ್ಕಳ ಪಟ್ಟಿ ಕೊಟ್ಟುಹೋಗಲಿ. ಉದ್ಘಾಟನೆಯನ್ನು ಮೈಕಿಲ್ಲದೆ ಮುಗಿಸಲಿ. ತಂದೆತಾಯಿಗಳು ಕರಪತ್ರದಲ್ಲಿ ಎರಡನೇ ತಾರೀಖು ಇದೆಯೇ ಎಂದು ಮೊದಲು ನೋಡಲಿ. ಇಲ್ಲದಿದ್ದರೆ ಸಂಘಟಕರನ್ನೇ ಕೇಳಲಿ. ಮಗುವಿನ ಕಿವಿ ನಾರುತ್ತಿದ್ದರೆ ಮಾತ್ರ ಯಾವ ಶಿಬಿರಕ್ಕೂ ಕಾಯದೆ ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.